‘ಮಾನಭಂಗ’ ಎಂಬ ಪದವನ್ನು ಸುದ್ದಿಯಿಂದ ಕೈಬಿಡಿ: ಕನ್ನಡ ಪತ್ರಿಕೆಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಕನ್ನಡ ದಿನಪತ್ರಿಕೆಗಳ ಮತ್ತು ಸುದ್ದಿವಾಹಿನಿಗಳ ಮಾನ್ಯ ಸಂಪಾದಕರಿಗೆ,

ಸಾದರ ವಂದನೆಗಳು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಪಠ್ಯಪುಸ್ತಕದಾಚೆಗೆ ನನ್ನ ವಿದ್ಯಾರ್ಥಿಗಳಿಗೆ ಕನ್ನಡ ಗದ್ಯ ಸಿಕ್ಕಿದ್ದು ನಿಮ್ಮ ಪತ್ರಿಕೆಗಳಿಂದ. ಶೀರ್ಷಿಕೆಗಳನ್ನು ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸಿ, ಕರ್ತೃ ಯಾವುದು, ಕರ್ಮ ಯಾವುದು, ಕ್ರಿಯಾಪದ ಯಾವುದು ಎಂದು ಮಕ್ಕಳಿಂದ ಗುರುತು ಹಾಕಿಸಿದ್ದೇನೆ. ಆ ಋಣ ನನಗೆ ನೆನಪಿದೆ. ಅದೇ ಸಲುಗೆಯಿಂದ ಇಂದು ನಿಮ್ಮ ಮುಂದೆ ಒಂದು ದೂರನ್ನೂ ಒಂದು ಬೇಡಿಕೆಯನ್ನೂ ಇಡುತ್ತಿದ್ದೇನೆ. ಹೆಣ್ಣಿನ ಮೇಲೆ ನಡೆದ ಲೈಂಗಿಕ ಹಲ್ಲೆಯ ಸುದ್ದಿಯನ್ನು ಬರೆಯುವಾಗ ನೀವು ಬಳಸುವ ‘ಮಾನಭಂಗ’ ಎಂಬ ಪದವನ್ನು ದಯವಿಟ್ಟು ಕೈಬಿಡಿ.

ಈ ಮಾತು ನನ್ನಲ್ಲಿ ಹುಟ್ಟಿದ್ದು ಓದಿನಿಂದಲ್ಲ, ಒಂದು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂಜೆಯ ಹೊತ್ತಿಗೆ ಮನೆಗೆ ಬಂದು, ತಾನು ಕೆಲಸಕ್ಕಿದ್ದ ಅಂಗಡಿಯಲ್ಲಿ ನಡೆದದ್ದನ್ನು ಹೇಳಿ, “ಮೇಡಂ, ದೂರು ಕೊಡಬೇಕು, ಜೊತೆಗೆ ಬರ್ತೀರಾ” ಎಂದು ಕೇಳಿದಳು. ಊರಿನ ಹೆಸರನ್ನಾಗಲಿ ವರ್ಷವನ್ನಾಗಲಿ ನಾನು ಬರೆಯುವುದಿಲ್ಲ. ಇಷ್ಟನ್ನು ಬರೆಯುವುದಕ್ಕೂ ಆಕೆಯನ್ನು ಕೇಳಿ ಒಪ್ಪಿಗೆ ಪಡೆದಿದ್ದೇನೆ. ಠಾಣೆಯಲ್ಲಿ ಯಾರೂ ನಮ್ಮೊಂದಿಗೆ ಒರಟಾಗಿ ನಡೆದುಕೊಳ್ಳಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಮಹಿಳಾ ಪೇದೆಯೊಬ್ಬರು ಕುಡಿಯಲು ನೀರು ಕೊಟ್ಟರು. ರೈಟರ್ ಕಂಪ್ಯೂಟರ್ ಮುಂದೆ ಕೂತು, “ಏನಾಯ್ತು ಹೇಳಮ್ಮ, ನಿಧಾನವಾಗಿ ಹೇಳು” ಎಂದರು.

ಅವಳು ಹೇಳಿದ್ದು ಐದೇ ವಾಕ್ಯ. “ಗೋಡೌನಿನಲ್ಲಿ ಲೈಟ್ ಆರಿಸಿ ಬಾಗಿಲು ಹಾಕಿದ. ನನ್ನ ಕೈ ತಿರುಚಿ ಗೋಡೆಗೆ ಒತ್ತಿ ಹಿಡಿದ. ಎದೆಗೆ ಕೈ ಹಾಕಿದ. ಕೂಗಿದರೆ ಕೆಲಸದಿಂದ ತೆಗೀತೀನಿ ಅಂದ. ನಾನು ಅವನ ಕೈ ಕಚ್ಚಿ ಬಿಡಿಸಿಕೊಂಡು ಓಡಿ ಬಂದೆ.” ಹತ್ತನೆಯ ತರಗತಿಯಲ್ಲಿ ಪ್ರಬಂಧ ಬರೆಯಲು ಕೊಟ್ಟರೆ ಅರ್ಧ ಪುಟ ದಾಟದಿದ್ದ ಹುಡುಗಿ ಅಂದು ಆಡಿದ ಮಾತಿನಲ್ಲಿ ಒಂದು ಪದವೂ ಹೆಚ್ಚಿರಲಿಲ್ಲ, ಒಂದೂ ಕಡಿಮೆಯಿರಲಿಲ್ಲ. ಮೊದಲ ನಾಲ್ಕು ವಾಕ್ಯಗಳಲ್ಲಿ ಮಾಡಿದವನು ಅವನು, ಕೊನೆಯದರಲ್ಲಿ ಮಾಡಿದವಳು ಅವಳು.

ರೈಟರ್ ಟೈಪು ಮಾಡಿ ತೆಗೆದ ಹಾಳೆಯನ್ನು ನಾನು ಅವಳಿಗೆ ಓದಿ ಹೇಳಿದೆ. ಅದರಲ್ಲಿ, “ಆರೋಪಿಯು ಪಿರ್ಯಾದಿದಾರಳ ಮಾನಭಂಗಕ್ಕೆ ಯತ್ನಿಸಿರುತ್ತಾನೆ” ಎಂದಿತ್ತು. ಅವಳು ಹಾಳೆಯನ್ನು ಕೈಗೆ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಕೇಳಿದಳು: “ಮೇಡಂ, ಹೀಗೆ ಬರೆದರೆ ನನ್ನ ಮಾನ ಹೋಯ್ತು ಅಂತ ಆಗಲ್ವಾ? ಹೋಗಿಲ್ಲ ನಂದು.” ರೈಟರ್ ಬೇಸರಿಸದೆ, “ಅದು ಕಾನೂನಿನ ಮಾತಮ್ಮ, ಸೆಕ್ಷನ್ನಿಗೆ ಹಾಗೇ ಬರೀಬೇಕು” ಎಂದರು. ಅವಳು ನನ್ನ ಮುಖ ನೋಡಿದಳು. ಸಮಾಸ ಪಾಠದಲ್ಲಿ ‘ಮಾನದ ಭಂಗ, ಮಾನಭಂಗ, ತತ್ಪುರುಷ’ ಎಂದು ಅದೆಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದ ನನಗೆ ಅವಳ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಸಹಿ ಹಾಕು ಎಂದೆ. ಹಾಕಿದಳು.

ಎರಡು ದಿನ ಕಳೆದು ಜಿಲ್ಲಾ ಪುಟದಲ್ಲಿ ಒಂದು ಕಾಲಂ ಸುದ್ದಿ ಬಂತು: “ಯುವತಿ ಮಾನಭಂಗಕ್ಕೆ ಯತ್ನ: ಆರೋಪಿ ಸೆರೆ”. ಯಾವ ಪತ್ರಿಕೆ ಎಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಅದು ಯಾವ ಪತ್ರಿಕೆಯೂ ಆಗಬಹುದಿತ್ತು. ಹೆಸರು ಹಾಕದ ಸೌಜನ್ಯ ತೋರಿದ್ದರು. ಆದರೆ ಅಂಗಡಿ ಎಲ್ಲಿದೆ ಎಂಬುದನ್ನು ಬರೆದಿದ್ದರಿಂದ ಸಣ್ಣ ಊರಿನಲ್ಲಿ ಹೆಸರು ಬೇಕಾಗಲೇ ಇಲ್ಲ. ಅವಳ ಅಜ್ಜಿಗೆ ಓದು ಬಾರದು. ಪಕ್ಕದ ಮನೆಯ ಹುಡುಗನಿಂದ ಸುದ್ದಿ ಓದಿಸಿಕೊಂಡು ಆ ಮುದುಕಿ ಕೇಳಿದ ಪ್ರಶ್ನೆಯನ್ನು ನನ್ನ ಕಿವಿಯಾರೆ ಕೇಳಿದ್ದೇನೆ: “ಮಾನಭಂಗ ಅಂದ್ರೆ ಏನ್ ಮಾಡಿದ ಮಗಾ ಇವಳಿಗೆ? ಯತ್ನ ಅಂದ್ರೆ ಆಯ್ತಾ, ಆಗ್ಲಿಲ್ವಾ?” ಆಗ ನಡೆಯುತ್ತಿದ್ದ ಮದುವೆ ಮಾತುಕತೆಯಲ್ಲಿ ಹುಡುಗನ ಕಡೆಯವರು ಕೇಳಿದ್ದೂ ಇದನ್ನೇ, ಮಾತು ಸ್ವಲ್ಪ ನಯವಾಗಿತ್ತು, ಅಷ್ಟೆ. ಆ ಸಂಬಂಧ ಮುಂದುವರಿಯಲಿಲ್ಲ. ಠಾಣೆಯಲ್ಲಿ ಅವಳು ಹೇಳಿದ ಐದು ವಾಕ್ಯಗಳಲ್ಲಿ ಯಾವುದಾದರೂ ಒಂದನ್ನು ಹಾಗೆಯೇ ಅಚ್ಚು ಹಾಕಿದ್ದರೂ ಅಜ್ಜಿಗೆ ಆ ಪ್ರಶ್ನೆ ಕೇಳುವ ಅಗತ್ಯವಿರುತ್ತಿರಲಿಲ್ಲ.

ಅಂದು ಉತ್ತರ ಕೊಡಲಾಗದ ನಾನು ಆ ಪದದ ಬೆನ್ನು ಹತ್ತಿದೆ. ಕಂಡುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ, ಭಾಷೆಯನ್ನೇ ಬದುಕಾಗಿ ಮಾಡಿಕೊಂಡ ನಿಮಗೆ ಇದು ಬೇಸರ ತರಲಾರದು ಎಂದು ನಂಬುತ್ತೇನೆ.

‘ಭಂಗ’ ಎನ್ನುವುದು ಸಂಸ್ಕೃತದ ‘ಭಂಜ್’ ಧಾತುವಿನಿಂದ ಬಂದದ್ದು: ಮುರಿ, ಒಡೆ, ನುಚ್ಚುಮಾಡು ಎಂದು ಅರ್ಥ. ಭಗ್ನ, ಭಂಜನ ಎಂಬ ಪದಗಳೂ ಅದೇ ಬೇರಿನವು. ‘ಮಾನ’ದ ಕಥೆ ಇದಕ್ಕಿಂತ ಉದ್ದ. ಒಂದು ಮಾನ ‘ಮಾ’ ಧಾತುವಿನದು, ಅಳತೆ ಎಂದು ಅದರರ್ಥ. ತಾಪಮಾನ, ಶತಮಾನ, ಮಾನದಂಡಗಳಲ್ಲಿ ಇರುವುದು ಇದು. ನಮ್ಮ ಶಾಸನಗಳಲ್ಲಿ ಸೊಲಗೆ, ಬಳ್ಳ, ಕೊಳಗಗಳ ಜೊತೆಗೆ ದವಸ ಅಳೆಯುವ ಒಂದು ಮಾಪಕ್ಕೂ ಮಾನ ಎಂಬ ಹೆಸರಿದೆ. ಇನ್ನೊಂದು ಮಾನ ಎಣಿಸು, ಭಾವಿಸು ಎಂಬ ಅರ್ಥದ ‘ಮನ್’ ಧಾತುವಿನ ಬಳಗದ್ದು. ಒಬ್ಬರ ವಿಷಯದಲ್ಲಿ ಇನ್ನೊಬ್ಬರ ಮನಸ್ಸಿನಲ್ಲಿರುವ ಎಣಿಕೆ, ತನ್ನ ವಿಷಯದಲ್ಲಿ ತನಗೇ ಇರುವ ಎಣಿಕೆ, ಇವೆರಡೂ ಮಾನವೇ. ಸನ್ಮಾನ, ಬಹುಮಾನ, ಅಭಿಮಾನ, ಬಿಗುಮಾನ, ಅವಮಾನ ಎಲ್ಲವೂ ಅಲ್ಲಿಂದ ಬಂದವು. ಈ ಪತ್ರದ ಆರಂಭದಲ್ಲಿ ನಾನು ನಿಮ್ಮನ್ನು ಕರೆದ ‘ಮಾನ್ಯ’ ಎಂಬುದೂ ಅಲ್ಲಿಯದೇ. ಕಾವ್ಯಮೀಮಾಂಸೆಯಲ್ಲಂತೂ ನಲ್ಲನ ಮೇಲೆ ನಾಯಿಕೆ ತೋರುವ ಮುನಿಸಿಗೂ ಮಾನ ಎನ್ನುತ್ತಾರೆ, ಅದನ್ನು ಬಿಡಿಸಲು ಸಾಮ, ಭೇದ, ದಾನ, ನತಿ, ಉಪೇಕ್ಷೆ, ರಸಾಂತರ ಎಂದು ಆರು ಉಪಾಯ ಹೇಳುತ್ತಾರೆ. ಅಲ್ಲಿ ಮಾನ ಹೆಣ್ಣಿನ ಹಕ್ಕು, ಗಂಡು ಕಾಲಿಗೆರಗಿ ಬೇಡಬೇಕಾದದ್ದು.

ಹೀಗಾಗಿ ಮಾನಭಂಗ ಎಂಬ ಸಮಾಸಕ್ಕೆ ಮೂಲದಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಯಾರಿಗೇ ಆಗಲಿ ನಾಲ್ಕು ಜನರೆದುರು ತಲೆ ತಗ್ಗಿಸುವಂತಾದರೆ ಅದು ಮಾನಭಂಗ. ಮಯಸಭೆಯಲ್ಲಿ ನೆಲವೆಂದು ತಿಳಿದು ಕೊಳಕ್ಕೆ ಬಿದ್ದು ನಗೆಪಾಟಲಾದ ದುರ್ಯೋಧನನಿಗೆ ಆದದ್ದು ಮಾನಭಂಗವೇ. ಅವನು ಅದನ್ನು ತಂದೆಯ ಬಳಿ ತೋಡಿಕೊಂಡ, ಜೂಜಿಗೆ ಹಾಸು ಹಾಸಿದ, ಒಂದು ಕುಲವೇ ಅಳಿಯುವವರೆಗೆ ಆ ಸೇಡು ನಡೆಯಿತು. ಮಾನ ಹೋದವನು ಮನೆಯೊಳಗಿರಲಿ, ಯಾರಿಗೂ ಮುಖ ತೋರಿಸದಿರಲಿ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಈ ಪದ ಹೆಣ್ಣಿನ ಮೈಗೆ ಅಂಟಿಕೊಂಡದ್ದಕ್ಕೆ ನಮ್ಮ ಆಡುಮಾತಿನಲ್ಲೇ ಒಂದು ಸುಳಿವಿದೆ. ಬಡತನವನ್ನು ವರ್ಣಿಸುವಾಗ ‘ಮಾನ ಮುಚ್ಚಿಕೊಳ್ಳಲು ಒಂದು ತುಂಡು ಬಟ್ಟೆಯಿಲ್ಲ’ ಎನ್ನುತ್ತೇವೆ. ಇತರರ ಎಣಿಕೆಯಲ್ಲಿದ್ದ ಮಾನ ಇಲ್ಲಿ ಬಟ್ಟೆಯ ಅಡಿಗೆ ಬಂದು ಕೂತಿದೆ, ಮೈಯ ಒಂದು ಭಾಗವೇ ಆಗಿಬಿಟ್ಟಿದೆ. ಹಾಗೆ ಆದಮೇಲೆ, ಆ ಮೈಯನ್ನು ಮುಟ್ಟಿದವನು ಮಾನವನ್ನು ಮುಟ್ಟಿದ, ಮೈಯ ಮೇಲೆ ಬಲ ತೋರಿದವನು ಮಾನವನ್ನು ಮುರಿದ ಎನ್ನುವ ಅರ್ಥಕ್ಕೆ ದಾರಿ ತೆರೆಯಿತು. ಮಡಕೆ ಒಡೆದಂತೆ. ಒಡೆದದ್ದು ಅವಳ ಮಡಕೆ, ಚೂರು ಇರುವುದು ಅವಳ ಮನೆಯಲ್ಲಿ, ಕಲ್ಲೆಸೆದವನು ಕೈ ತೊಳೆದುಕೊಂಡು ನಡೆದ. ಸಮಾಸದೊಳಗೆ ಅವನಿಗೆ ಜಾಗವೇ ಇಲ್ಲ. ತೇಜೋವಧೆ ಎನ್ನುವ ಪದವನ್ನು ಗಮನಿಸಿ: ಕರ್ಣನ ತೇಜಸ್ಸನ್ನು ಕುಗ್ಗಿಸಬೇಕೆಂದು ಧರ್ಮರಾಯ ಶಲ್ಯನನ್ನು ಕೇಳಿಕೊಂಡ ಸಂದರ್ಭದ ಮಾತದು. ವಧೆ ಎಂದ ಕೂಡಲೇ ವಧಿಸಿದವನೊಬ್ಬ ಇರಲೇಬೇಕು ಎಂದು ಓದುಗನಿಗೆ ತೋರುತ್ತದೆ. ಭಂಗ ಎಂದಾಗ ಹಾಗೆ ತೋರುವುದಿಲ್ಲ. ನಿದ್ರಾಭಂಗ, ಆಶಾಭಂಗ, ವ್ರತಭಂಗ ಎಲ್ಲವೂ ‘ಆಗುತ್ತವೆ’, ಮತ್ತು ಯಾರಿಗೆ ಆಯಿತೋ ಅವರ ಲೆಕ್ಕಕ್ಕೆ ಬರೆಯಲ್ಪಡುತ್ತವೆ.

ಕನ್ನಡದ ನೆಲದ ಬುದ್ಧಿ ಹೀಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಗಾದೆಯಲ್ಲೇ ಇದೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎನ್ನುತ್ತೇವಲ್ಲ, ಆ ಗಾದೆಯಲ್ಲಿ ಮಾನ ಹೋದದ್ದು ಯಾರದು? ಅಡಿಕೆ ಕದ್ದವನದು, ಕಳೆದುಕೊಂಡವನದಲ್ಲ. ತೋಟದವನ ಮನೆಗೆ ಹೋಗಿ ‘ಅಯ್ಯೋ, ನಿನ್ನ ಮಾನ ಹೋಯಿತಲ್ಲ’ ಎಂದು ಯಾರೂ ಕಣ್ಣೊರೆಸುವುದಿಲ್ಲ. ಮಾನಗೇಡಿ, ಮಾನಗೆಟ್ಟವನು ಎಂಬ ಬೈಗುಳಗಳೂ ತಪ್ಪು ಮಾಡಿದವನ ತಲೆಯ ಮೇಲೇ ಬೀಳುತ್ತವೆ. ನಮ್ಮಜ್ಜಿಯರು ‘ಮಾನಗೆಟ್ಟ ಮುಂಡೇದೆ’ ಎಂದು ಬೈದರೆ ಬೈಸಿಕೊಂಡವನು ಮಾಡಬಾರದ್ದನ್ನು ಮಾಡಿದ್ದಾನೆ ಎಂದೇ ಅರ್ಥ. ಕದ್ದವನ, ಸುಳ್ಳಾಡಿದವನ, ಕೊಟ್ಟ ಮಾತಿಗೆ ತಪ್ಪಿದವನ ಮಾನ ಹೋಗುತ್ತದೆ ಎಂದು ಸರಿಯಾಗಿಯೇ ತಿಳಿದಿದ್ದ ಭಾಷೆ, ಹೆಣ್ಣಿನ ಮೇಲೆ ಕೈ ಮಾಡಿದವನ ವಿಷಯ ಬಂದಾಗ ಮಾತ್ರ ಲೆಕ್ಕ ತಲೆಕೆಳಗು ಮಾಡಿ, ಮಾನವನ್ನು ಅವಳ ಖಾತೆಯಿಂದ ಕಳೆಯುತ್ತದೆ.

ದ್ರೌಪದಿಯ ಪ್ರಸಂಗವನ್ನು ನಾವು ಹರಿಕಥೆಯಲ್ಲಿ, ಯಕ್ಷಗಾನದಲ್ಲಿ, ಗಮಕದಲ್ಲಿ ತಲೆಮಾರುಗಳಿಂದ ಕೇಳುತ್ತ ಬಂದಿದ್ದೇವೆ. ಅದನ್ನು ದ್ರೌಪದಿಯ ಮಾನಭಂಗ ಎಂದು ಕರೆಯುವುದು ರೂಢಿ. ಆದರೆ ಕಥೆ ಹಾಗೆ ಹೇಳುತ್ತದೆಯೇ? ಕರೆಯಲು ಬಂದ ಪ್ರಾತಿಕಾಮಿಯನ್ನು ಅವಳು ತಿರುಗಿ ಕಳಿಸುತ್ತಾಳೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ, ಸಭೆಯನ್ನು ಕೇಳಿ ಬಾ ಎಂದು. ಮುಡಿ ಹಿಡಿದು ಎಳೆದು ತಂದ ಮೇಲೂ ಅವಳು ಬಿಡದೆ ಕೇಳುವುದು ಅದೇ ಪ್ರಶ್ನೆ. ಭೀಷ್ಮ ಧರ್ಮದ ಸೂಕ್ಷ್ಮವನ್ನು ಹೇಳಿ ಜಾರಿಕೊಳ್ಳುತ್ತಾನೆ, ಕೌರವರಲ್ಲಿ ವಿಕರ್ಣನೊಬ್ಬ ಬಾಯಿ ತೆರೆಯುತ್ತಾನೆ, ಉಳಿದ ಹಿರಿಯರಲ್ಲಿ ಹೆಚ್ಚಿನವರು ತಲೆ ತಗ್ಗಿಸಿ ಕೂರುತ್ತಾರೆ. ತಗ್ಗಿದ ತಲೆಗಳು ಯಾರವು ಎಂದು ಎಣಿಸಿದರೆ ಆ ದಿನ ಮಾನ ಹೋದದ್ದು ಯಾರದೆಂದು ತಿಳಿಯುತ್ತದೆ. ಹಳ್ಳಿಯಲ್ಲಿ ಆಟ ನೋಡಲು ಕೂತ ಹೆಂಗಸರು ಆ ಘಟ್ಟದಲ್ಲಿ ಶಪಿಸುವುದು ದುಶ್ಶಾಸನನನ್ನು, ದ್ರೌಪದಿ ಇನ್ನು ಹೇಗೆ ತಲೆಯೆತ್ತಿ ಓಡಾಡುತ್ತಾಳೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಆಟ ಮುಗಿಸಿ ಮನೆಗೆ ಬಂದ ಮೇಲೆ, ನೆರೆಮನೆಯ ಹುಡುಗಿಯ ವಿಷಯದಲ್ಲಿ ಅದೇ ಪ್ರಶ್ನೆ ಕೇಳುತ್ತೇವೆ.

ನಿಮ್ಮ ಪತ್ರಿಕೆಗಳಲ್ಲೇ ಇರುವ ಇನ್ನೆರಡು ಪದಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಒಂದು, ಮಾನನಷ್ಟ ಮೊಕದ್ದಮೆ. ರಾಜಕಾರಣಿಯೊಬ್ಬರ ಬಗ್ಗೆ ಯಾರೋ ಏನೋ ಅಂದರೆ ಅವರು ಇಷ್ಟು ಕೋಟಿ ರೂಪಾಯಿಯ ಮಾನನಷ್ಟ ದಾವೆ ಹೂಡುತ್ತಾರೆ. ಅವರ ಮಾನಕ್ಕೆ ಆದ ನಷ್ಟ ಹಣದಿಂದಲೋ ಕ್ಷಮಾಪಣೆಯಿಂದಲೋ ತುಂಬಿಬರುವಂಥದ್ದು, ಮತ್ತು ದಾವೆ ಹೂಡಿದ ಸುದ್ದಿಯೇ ಅವರ ಮರ್ಯಾದೆ ಹೆಚ್ಚಿಸುತ್ತದೆ. ಇನ್ನೊಂದು, ಮುಖಭಂಗ. ಉಪಚುನಾವಣೆಯಲ್ಲಿ ಸೋತ ಪಕ್ಷಕ್ಕೆ ಮುಖಭಂಗ ಎಂದು ಶೀರ್ಷಿಕೆ ಕೊಡುತ್ತೀರಿ. ಭಂಗವಾದ ಆ ಮುಖ ಮುಂದಿನ ಚುನಾವಣೆಯಲ್ಲಿ ಹಾರ ಹಾಕಿಕೊಂಡು ಮೊದಲ ಪುಟದಲ್ಲೇ ಬರುತ್ತದೆ. ಅದೇ ಮಾನ, ಅದೇ ಭಂಗ, ಹೆಣ್ಣಿನ ಸುದ್ದಿಯಲ್ಲಿ ಒಟ್ಟಿಗೆ ಸೇರಿದಾಗ ಮಾತ್ರ ರಿಪೇರಿ ಇಲ್ಲದ ನಷ್ಟವಾಗುತ್ತವೆ. ಗಾದೆಯ ಉಳಿದರ್ಧ, ಆನೆ ಕೊಟ್ಟರೂ ಬಾರದು ಎಂಬುದು, ಕದ್ದವನನ್ನು ಬಿಟ್ಟು ಅವಳಿಗೆ ಅನ್ವಯವಾಗುತ್ತದೆ.

ಇದು ಕಾನೂನಿನ ಪದ, ನಾವೇನು ಮಾಡೋಣ ಎಂದು ರೈಟರ್ ಹೇಳಿದ್ದನ್ನು ನೀವೂ ಹೇಳಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಮೆಕಾಲೆಯ ಕಾನೂನು ಆಯೋಗ 1837ರಲ್ಲಿ ಸಿದ್ಧಪಡಿಸಿದ ಕರಡಿನಿಂದ ಬೆಳೆದು 1860ರಲ್ಲಿ ಅಂಗೀಕಾರವಾದ ಭಾರತ ದಂಡ ಸಂಹಿತೆಯ 354ನೆಯ ಕಲಮು, ಸ್ತ್ರೀಯ ‘ಮಾಡೆಸ್ಟಿ’ಗೆ ಘಾಸಿ ಮಾಡುವ ಉದ್ದೇಶದ ಹಲ್ಲೆಯನ್ನು ಅಪರಾಧವೆಂದಿತು. ಮಾಡೆಸ್ಟಿ ಎಂಬ ಆ ಪದ ಲ್ಯಾಟಿನ್ನಿನಲ್ಲಿ ಅಳತೆ ಎಂಬರ್ಥದ ‘ಮೋದುಸ್’ನಿಂದ ಬಂದದ್ದು, ಮಿತಿಯಲ್ಲಿರುವುದು, ಸಂಕೋಚ, ಲಜ್ಜೆ ಎಂದು ಅದರ ಭಾವ. ನಮ್ಮಲ್ಲಿ ಅದಕ್ಕೆ ಮಾನ ಎಂದು ಹೆಸರಿಟ್ಟಾಗ ಸಂಕೋಚದ ಜಾಗದಲ್ಲಿ ಇಡೀ ಬಾಳಿನ ಬೆಲೆಯೇ ಬಂದು ಕೂತಿತು. ಆ ಇಂಗ್ಲಿಷ್ ಪದವೂ ನ್ಯಾಯಾಲಯಗಳನ್ನು ಕಾಡಿದ್ದುಂಟು. ಪಂಜಾಬಿನಲ್ಲಿ ಏಳೂವರೆ ತಿಂಗಳ ಹೆಣ್ಣುಕೂಸಿನ ಮೇಲೆ ಒಬ್ಬ ಕ್ರೌರ್ಯವೆಸಗಿದ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು, ಅಷ್ಟು ಎಳೆಯ ಕೂಸಿಗೆ ‘ಮಾಡೆಸ್ಟಿ’ ಇರಲು ಸಾಧ್ಯವೇ ಎಂಬ ಪ್ರಶ್ನೆಯ ಮೇಲೆ. 1966ರಲ್ಲಿ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಇರುತ್ತದೆ ಎಂದರು, ಒಬ್ಬರು ಒಪ್ಪಲಿಲ್ಲ. ತೀರ್ಪು ಕೂಸಿನ ಪರವಾಗಿಯೇ ಬಂತು. ಆದರೆ ಕೂಸಿನ ಮೈಗೆ ಆದ ಗಾಯವೊಂದೇ ಸಾಲದೆ, ಅದಕ್ಕೆ ಲಜ್ಜೆಯಿತ್ತೇ ಎಂದು ಹಿರಿಯ ನ್ಯಾಯಾಧೀಶರು ಕೂತು ಚರ್ಚಿಸಬೇಕಾಗಿ ಬಂದದ್ದು ಒಂದು ಪದದ ದೆಸೆಯಿಂದ.

ಆಮೇಲೆ ಕಾನೂನು ಸ್ವಲ್ಪ ಸ್ವಲ್ಪವಾಗಿ ಎಚ್ಚೆತ್ತಿತು. 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿ 23ರಂದು ಕೊಟ್ಟ ವರದಿಯಲ್ಲಿ, ಅತ್ಯಾಚಾರವನ್ನು ಮಾನ ಮತ್ತು ನಾಚಿಕೆಯ ಚೌಕಟ್ಟಿನಲ್ಲಿ ನೋಡುವ ಕ್ರಮವನ್ನು ಕಳಚಿಹಾಕುವುದು ಸರ್ಕಾರದ ಮತ್ತು ನಾಗರಿಕ ಸಮಾಜದ ಕರ್ತವ್ಯವೆಂದು ಹೇಳಿತು. ಅದೇ ವರ್ಷದ ತಿದ್ದುಪಡಿ 354ರ ಶಿಕ್ಷೆಯನ್ನು ಕನಿಷ್ಠ ಒಂದು, ಗರಿಷ್ಠ ಐದು ವರ್ಷಕ್ಕೆ ಏರಿಸಿದ್ದಲ್ಲದೆ, ಲೈಂಗಿಕ ಕಿರುಕುಳ, ಬಟ್ಟೆ ಕಳಚುವ ಉದ್ದೇಶದ ಹಲ್ಲೆ, ಕದ್ದು ನೋಡುವುದು, ಬೆನ್ನು ಬೀಳುವುದು ಎಂದು ಒಂದೊಂದು ಕೃತ್ಯಕ್ಕೂ ಬೇರೆ ಬೇರೆ ಹೆಸರು ಕೊಟ್ಟಿತು. ಗಮನಿಸಿ, ಅವೆಲ್ಲವೂ ಮಾಡುವವನ ಕೃತ್ಯದ ಹೆಸರುಗಳು. ಯುದ್ಧಕಾಲದ ಅಂತರರಾಷ್ಟ್ರೀಯ ಕಾನೂನಿನಲ್ಲೂ ಇಂಥದೇ ಬದಲಾವಣೆಯಾಗಿದೆ: 1949ರ ನಾಲ್ಕನೆಯ ಜಿನೀವಾ ಒಪ್ಪಂದ ಅತ್ಯಾಚಾರವನ್ನು ಹೆಂಗಸರ ‘ಮಾನದ ಮೇಲಿನ ದಾಳಿ’ ಎಂದು ವರ್ಣಿಸಿತ್ತು, 1977ರ ಹೆಚ್ಚುವರಿ ಒಡಂಬಡಿಕೆಯಲ್ಲಿ ಹೆಂಗಸರ ರಕ್ಷಣೆಯ ವಿಧಿ ಬರೆಯುವಾಗ ಆ ಮಾತನ್ನು ಬಿಟ್ಟು ಅತ್ಯಾಚಾರವನ್ನು ನೇರವಾಗಿ ಹೆಸರಿಸಿದರು. 2023ರ ಆಗಸ್ಟಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗೂ ವಕೀಲರಿಗೂ ಒಂದು ಕೈಪಿಡಿ ಹೊರಡಿಸಿ, ಹೆಣ್ಣನ್ನು ಕುರಿತ ಪೂರ್ವಗ್ರಹದ ಪದಗಳ ಪಟ್ಟಿಯನ್ನೂ ಅವುಗಳ ಬದಲಿಗೆ ಬಳಸಬೇಕಾದ ಪದಗಳನ್ನೂ ಕೊಟ್ಟಿತು.

ಇಷ್ಟಾದರೂ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 74ನೆಯ ಕಲಮಿನಲ್ಲಿ ಆ ಹಳೆಯ ‘ಮಾಡೆಸ್ಟಿ’ ಹಾಗೆಯೇ ಉಳಿದಿದೆ. ಆದ್ದರಿಂದ ಪೊಲೀಸರು ಕಲಮಿನ ಭಾಷೆಯಲ್ಲಿ ಬರೆಯುವುದು ಅವರ ಅನಿವಾರ್ಯ ಎಂದು ಒಪ್ಪುತ್ತೇನೆ. ನಿಮಗೆ ಆ ಕಟ್ಟು ಇಲ್ಲ. ಕಲಮಿನ ಸಂಖ್ಯೆ ಹಾಕಿ, ನಡೆದದ್ದನ್ನು ಕನ್ನಡದಲ್ಲಿ ಬರೆದರೆ ಯಾವ ನ್ಯಾಯಾಲಯವೂ ನಿಮ್ಮನ್ನು ಪ್ರಶ್ನಿಸುವುದಿಲ್ಲ. ಕಳವಿನ ಸುದ್ದಿಯಲ್ಲಿ ನೀವು ಠಾಣೆಯ ಭಾಷೆಯನ್ನು ನಕಲು ಮಾಡುವುದಿಲ್ಲ, ಬೀಗ ಮುರಿದು ಇಷ್ಟು ಗ್ರಾಂ ಚಿನ್ನ ಕದ್ದರು ಎಂದು ಬಿಡಿಸಿ ಬರೆಯುತ್ತೀರಿ. ಆ ನಿಖರತೆ ಹುಡುಗಿಯ ಸುದ್ದಿಗೂ ಸಲ್ಲಬೇಕು.

ಪತ್ರಿಕೆಯೊಂದರ ಡೆಸ್ಕಿನಲ್ಲಿರುವ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿಯ ಹತ್ತಿರ ಇದನ್ನು ಚರ್ಚಿಸಿದಾಗ ಅವನು ಎರಡು ಮಾತು ಹೇಳಿದ. ಮಾನಭಂಗ ಸಣ್ಣ ಪದ, ಒಂದು ಕಾಲಂಗೆ ಹಿಡಿಸುತ್ತದೆ ಎಂಬುದು ಒಂದು. ಅದು ಸಭ್ಯ ಪದ, ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬಿಡಿಸಿ ಹೇಳಲು ಮುಜುಗರ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಸರಳ: ‘ಲೈಂಗಿಕ ಹಲ್ಲೆ’ ಅದಕ್ಕಿಂತ ಒಂದೇ ಅಕ್ಷರ ಹೆಚ್ಚು, ಅಷ್ಟು ಜಾಗವನ್ನು ಅವಳಿಗೆ ಕೊಡಿ. ಎರಡನೆಯದು ಕಷ್ಟದ ಮಾತು, ಏಕೆಂದರೆ ಅವನ ಮುಜುಗರ ನಿಜವಾದದ್ದು. ಆದರೆ ಮುಚ್ಚಿ ಹೇಳಿದ ಸುದ್ದಿ ಬಿಚ್ಚಿ ಹೇಳಿದ್ದಕ್ಕಿಂತ ಹೆಚ್ಚು ಊಹೆಗೆ ದಾರಿ ಮಾಡುತ್ತದೆ ಎಂಬುದನ್ನು ಆ ಅಜ್ಜಿಯ ಮುಂದೆ ಕೂತು ನಾನು ಕಂಡಿದ್ದೇನೆ. ಕೈ ಹಿಡಿದೆಳೆದದ್ದೂ ಮಾನಭಂಗ, ಎದೆಗೆ ಕೈ ಹಾಕಿದ್ದೂ ಮಾನಭಂಗ, ಕೆಲವು ವರದಿಗಳಲ್ಲಿ ಅತ್ಯಾಚಾರವೂ ಮಾನಭಂಗ. ಹೀಗಿರುವಾಗ ಓದಿದವನು ತನಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾನೆ, ಮತ್ತು ಊರಿನ ನಾಲಿಗೆ ತುಂಬಿಕೊಳ್ಳುವುದು ಯಾವಾಗಲೂ ಹೆಚ್ಚಿನದನ್ನೇ.

ಇನ್ನೊಂದು ಆಕ್ಷೇಪವನ್ನು ನನಗೆ ನಾನೇ ಹಾಕಿಕೊಂಡಿದ್ದೇನೆ. ಅವಳಿಗೆ ಅವಮಾನವಾಗಲಿಲ್ಲವೇ? ಆಯಿತು. ಅಂದು ರಾತ್ರಿ ನಮ್ಮ ಮನೆಯ ಬಚ್ಚಲಿನಲ್ಲಿ ಅವಳು ಎಷ್ಟೋ ಹೊತ್ತು ಕೈಯುಜ್ಜಿ ತೊಳೆದುಕೊಳ್ಳುತ್ತಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ನೋವಿಗೆ ಭಾಷೆಯಲ್ಲಿ ಹೆಸರಿರಬೇಕು, ಇದೆ ಕೂಡ. ‘ಅವಮಾನ ಮಾಡಿದ’ ಎಂದಾಗ ಮಾಡಿದವನು ವಾಕ್ಯದಲ್ಲಿ ಉಳಿಯುತ್ತಾನೆ, ಅವಮಾನಕ್ಕೊಳಗಾದವಳು ಸಿಟ್ಟಾಗಬಹುದು, ದೂರು ಕೊಡಬಹುದು, ನಾಳೆ ಕೆಲಸಕ್ಕೆ ಹೋಗಬಹುದು. ಅವಳ ಮಾನ ಎಲ್ಲಿತ್ತೋ ಅಲ್ಲೇ ಇರುತ್ತದೆ. ‘ಹೋಗಿಲ್ಲ ನಂದು’ ಎಂದು ಅವಳು ಠಾಣೆಯಲ್ಲಿ ಹೇಳಿದ್ದು ಇದನ್ನೇ, ಮೂವತ್ತೊಂದು ವರ್ಷ ಸಮಾಸ ಕಲಿಸಿದ ನನಗಿಂತ ಅವಳಿಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು.

ಇದೇ ಬಳಗದ ಇನ್ನೊಂದು ಶೀರ್ಷಿಕೆಯನ್ನು ಹೇಳದೆ ಮುಂದೆ ಹೋಗಲಾರೆ: ‘ಶೀಲ ಶಂಕಿಸಿ ಪತ್ನಿಯ ಕೊಲೆ’. ಕೊಂದವನು ಕೊಟ್ಟ ಕಾರಣವನ್ನು, ಸತ್ತವಳು ಉತ್ತರಿಸಲಾಗದ ಆರೋಪವನ್ನು, ಸುದ್ದಿಯ ಮೊದಲ ಪದವಾಗಿ ಇಡುತ್ತೀರಿ. ‘ಪತ್ನಿಯನ್ನು ಕೊಂದ ಪತಿಯ ಬಂಧನ’ ಎಂದರೆ ಸುದ್ದಿಗೆ ಯಾವ ಕೊರತೆಯೂ ಆಗುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಡೆಸ್ಕಿನಲ್ಲಿ ಕಾಗುಣಿತಕ್ಕೆ, ಹೆಸರುಗಳ ಬರಹಕ್ಕೆ ಒಂದು ಪದ್ಧತಿ ಇಟ್ಟುಕೊಂಡಿರುತ್ತೀರಿ. ಅದಕ್ಕೆ ಒಂದು ಸಾಲು ಸೇರಿಸಿ: ಲೈಂಗಿಕ ಅಪರಾಧಗಳ ಸುದ್ದಿಯಲ್ಲಿ ಮಾನಭಂಗ, ಶೀಲಹರಣ, ಮಾನ ಕಳೆದುಕೊಂಡ ಮುಂತಾದ ಪದಗಳನ್ನು ಬಳಸಬಾರದು ಎಂದು. ಅದರ ಬದಲು ದೂರಿನಲ್ಲಿರುವ ಕೃತ್ಯಕ್ಕೆ ತಕ್ಕಂತೆ ಲೈಂಗಿಕ ಕಿರುಕುಳ, ಲೈಂಗಿಕ ಹಲ್ಲೆ, ಅತ್ಯಾಚಾರ ಎಂದು ಬರೆಯಿರಿ, ಇಲ್ಲವೇ ಕೈ ಹಿಡಿದೆಳೆದ, ಹಿಂಬಾಲಿಸಿದ ಎಂದು ಇದ್ದಂತೆಯೇ ಹೇಳಿ. ವಾಕ್ಯದ ಕರ್ತೃವಿನ ಸ್ಥಾನದಲ್ಲಿ ಆರೋಪಿಯನ್ನು ಇಡಿ. ಆರೋಪ ಸಾಬೀತಾಗುವವರೆಗೆ ಆರೋಪಿ ಎಂದೇ ಕರೆಯಿರಿ, ಅದರಲ್ಲಿ ನನ್ನ ತಕರಾರಿಲ್ಲ. ಕಲಮನ್ನು ಉಲ್ಲೇಖಿಸುವುದಿದ್ದರೆ ಸಂಖ್ಯೆ ಸಾಕು. ಹುಡುಗಿಯ ಊರು, ಕೆಲಸದ ಜಾಗ, ಬೀದಿಯ ವಿವರಗಳು ಅವಳ ಹೆಸರಿನಷ್ಟೇ ಅವಳನ್ನು ತೋರಿಸಿಕೊಡುತ್ತವೆ ಎಂಬುದನ್ನು ಜಿಲ್ಲಾ ವರದಿಗಾರರಿಗೆ ತಿಳಿಸಿ ಹೇಳಿ. ಸುದ್ದಿವಾಹಿನಿಯವರಲ್ಲಿ ಇನ್ನೂ ಒಂದು ವಿನಂತಿ: ಪರದೆಯ ಕೆಳಗೆ ದಿನವಿಡೀ ಓಡುವ ಕೆಂಪು ಪಟ್ಟಿಯಲ್ಲಿ ಈ ಪದ ಗಂಟೆಗೆ ಹತ್ತು ಸಲ ಬಂದರೆ, ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ ಕೂತವರೆಲ್ಲರ ಬಾಯಿಗೆ ಅದೇ ಪದ ಹತ್ತುತ್ತದೆ.

ರಾಜ್ಯ ಸರ್ಕಾರದ ಭಾಷಾಂತರ ನಿರ್ದೇಶನಾಲಯಕ್ಕೂ ಗೃಹ ಇಲಾಖೆಗೂ ಈ ಪತ್ರದ ಪ್ರತಿಯನ್ನು ಕಳಿಸುತ್ತಿದ್ದೇನೆ. ಕೇಂದ್ರದ ಕಾನೂನನ್ನು ಬದಲಿಸುವುದು ಅವರ ಕೈಯಲ್ಲಿಲ್ಲ. ಆದರೆ ಅದನ್ನು ಕನ್ನಡಕ್ಕೆ ತರುವಾಗ, ಠಾಣೆಗಳಲ್ಲಿ ದೂರು ಬರೆಯುವ ಮಾದರಿಗಳನ್ನು ಸಿದ್ಧಪಡಿಸುವಾಗ, ದೂರು ಕೊಟ್ಟವಳ ಮಾತನ್ನು ಅವಳು ಆಡಿದಂತೆಯೇ ಮೊದಲು ಬರೆದು, ಆಮೇಲೆ ಕಲಮಿನ ಸಂಖ್ಯೆ ಹಾಕುವಂತೆ ಅವರು ಸೂಚಿಸಬಹುದು.

ನನ್ನ ವಿದ್ಯಾರ್ಥಿನಿ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಸಾಕ್ಷಿ ಹೇಳಲು ಕರೆದಾಗಲೆಲ್ಲ ಒಂದು ದಿನದ ಸಂಬಳ ಬಿಟ್ಟು ಬಸ್ಸು ಹತ್ತಿ ಬಂದು, ಅದೇ ಐದು ವಾಕ್ಯಗಳನ್ನು ನ್ಯಾಯಾಲಯದಲ್ಲಿ ಹೇಳಿದ್ದಾಳೆ. ಪಾಟೀಸವಾಲಿನಲ್ಲೂ ಒಂದು ಪದ ಬದಲಿಸಲಿಲ್ಲ. ವಾದ ಮುಗಿದಿದೆ, ತೀರ್ಪು ಬರಬೇಕಿದೆ. ತೀರ್ಪಿನ ದಿನ ನಿಮ್ಮಲ್ಲಿ ಯಾರದೋ ಡೆಸ್ಕಿಗೆ ನಮ್ಮ ಜಿಲ್ಲೆಯಿಂದ ನಾಲ್ಕು ಸಾಲಿನ ಸುದ್ದಿ ಬರುತ್ತದೆ, ರಾತ್ರಿ ಪಾಳಿಯ ಉಪಸಂಪಾದಕರೊಬ್ಬರು ಅದಕ್ಕೆ ಶೀರ್ಷಿಕೆ ಕೊಡುತ್ತಾರೆ. ಮರುದಿನ ಬೆಳಗ್ಗೆ ಆ ಅಜ್ಜಿ ಮತ್ತೆ ಪಕ್ಕದ ಮನೆಯ ಹುಡುಗನನ್ನು ಕರೆದು ಓದಿಸಿಕೊಳ್ಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ